ನೀಲಿ ಬಕೆಟ್ಟಿನ ನಲವತ್ತು ಎಣಿಕೆ

ಏಪ್ರಿಲ್ ಒಂಬತ್ತು, ಮಂಗಳವಾರ, ಬೆಳಗ್ಗೆ ಎಂಟು ಗಂಟೆ ಐದು ನಿಮಿಷ. ಠಾಣೆಯ ರೈಟರ್ ಹೊಸ ಪುಟಕ್ಕೆ ಗೆರೆ ಎಳೆದು ಇನ್ನೂ ಸ್ಕೇಲ್ ಎತ್ತಿರಲಿಲ್ಲ, ದೋಣಿ ಕ್ಲಬ್ಬಿನ ಕಾರ್ಯದರ್ಶಿ ಒಳಗೆ ಬಂದರು. ಮೊಣಕಾಲಿನವರೆಗೆ ಕೆಸರು. ಎರಡೂ ಅಂಗೈಗಳಲ್ಲಿ ಬೊಬ್ಬೆ.

"ನಮ್ಮ ಕೆರೆ ಕಳುವಾಗಿದೆ," ಎಂದರು.

"ಕಳುವಾದ ವಸ್ತುವಿನ ಬಣ್ಣ, ಅಳತೆ ಹೇಳಿ," ಎಂದ ರೈಟರ್. ಇಪ್ಪತ್ತೆರಡು ವರ್ಷದ ಅಭ್ಯಾಸ, ಬಾಯಿ ತಾನಾಗಿ ಆಡುತ್ತದೆ.

ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್ ಎದ್ದು ಬಂದರು. ಐವತ್ತೊಂದು ವರ್ಷ, ತೆಳ್ಳಗಿನ ಮನುಷ್ಯ. ಅವರದೊಂದು ಚಾಳಿಯನ್ನು ಇಡೀ ಠಾಣೆ ಆಡಿಕೊಂಡು ನಗುತ್ತಿತ್ತು. ಯಾವ ಕೇಸಾದರೂ ಸರಿ, ಜಾಗದಿಂದ ಜಾಗಕ್ಕೆ ತಾವೇ ನಡೆದು, ಗಡಿಯಾರ ನೋಡಿ, ಎಷ್ಟು ನಿಮಿಷವಾಯಿತೆಂದು ಕೇಸ್ ಡೈರಿಯಲ್ಲಿ ಬರೆಯಬೇಕು. ಜೀಪ್ ಹೋಗುವ ಕಡೆಯಲ್ಲೂ ಅಷ್ಟೇ. ಬೂಟಿನ ಅಟ್ಟೆ ಸವೆಯುವುದು ಬಿಟ್ಟರೆ ಈ ಚಾಳಿಯಿಂದ ಯಾರಿಗೂ ನಷ್ಟವಾಗಿರಲಿಲ್ಲ.

ಕಾರ್ಯದರ್ಶಿಯ ದೂರು ಹೀಗಿತ್ತು. ಕ್ಲಬ್ಬಿಗೆ ಸ್ವಂತದ ಕೆರೆ ಇದೆ. ಆರು ಎಕರೆ ನೀರು, ಅದನ್ನು ಹಿಡಿದು ನಿಲ್ಲಿಸಿರುವ ಇಪ್ಪತ್ತೆರಡು ಅಡಿ ಎತ್ತರದ ಮಣ್ಣಿನ ಏರಿ, ಹದಿಮೂರು ದೋಣಿ. ಸದಸ್ಯರು ರಜೆಯಲ್ಲಿ ಬಂದು ದೋಣಿ ಆಡಿ ಹೋಗುತ್ತಾರೆ. ಸೋಮವಾರ ಕ್ಲಬ್ಬಿಗೆ ರಜ. ಆ ಸೋಮವಾರದಂದು ಯಾರೋ ಬೀಗ ಕತ್ತರಿಸಿ, ಏರಿಯ ಬುಡದಲ್ಲಿರುವ ತೂಬಿನ ಚಕ್ರ ತಿರುಗಿಸಿ, ಕೆರೆಯ ನೀರನ್ನು ಹಳ್ಳಕ್ಕೆ ಬಿಟ್ಟಿದ್ದಾರೆ. ಮಂಗಳವಾರ ಬೆಳಗ್ಗೆ ನೋಡಿದರೆ ನಾಲ್ಕು ಅಡಿ ನೀರು ಮಾಯ. ಬರುವ ಭಾನುವಾರ ದೋಣಿ ಪಂದ್ಯ.

"ಯಾರ ಮೇಲಾದ್ರೂ ಅನುಮಾನ?"

"ಏರಿ ಕಾಯೋನ ಮೇಲೆ. ಇನ್ಯಾರು?"

"ಅವನ ಹತ್ತಿರ ಬೀಗದ ಕೈ ಇದೆಯಾ?"

"ಇದೆ."

"ಕೈ ಇದ್ದೋನು ಬೀಗ ಯಾಕೆ ಕೊಯ್ತಾನೆ?"

ಕಾರ್ಯದರ್ಶಿ ಅಂಗೈಯ ಬೊಬ್ಬೆ ನೋಡಿಕೊಂಡರು. ಎಂಟು ನಲವತ್ತಕ್ಕೆ FIR ದಾಖಲಾಯಿತು. ಅಪರಿಚಿತರಿಂದ ಬೀಗ ಮುರಿದು ಖಾಸಗಿ ಆಸ್ತಿಗೆ ಹಾನಿ.

ಒಂಬತ್ತು ಹದಿನೈದಕ್ಕೆ ಇನ್‌ಸ್ಪೆಕ್ಟರ್, ಮುಖ್ಯಪೇದೆ ಇಬ್ಬರೂ ಕೆರೆಯ ಏರಿಯ ಮೇಲಿದ್ದರು. ಮುಖ್ಯಪೇದೆ ಮೂವತ್ತೆಂಟರ ಹೆಂಗಸು, ಮಾತು ಖಡಕ್ಕು, ಕಣ್ಣು ಅದಕ್ಕಿಂತ ಖಡಕ್ಕು. ಅವಳು ಬಂದ ಕೂಡಲೇ ಕೆರೆಯ ಕಡೆ ನೋಡಲಿಲ್ಲ, ಬೆನ್ನು ತಿರುಗಿಸಿ ಏರಿಯ ಇನ್ನೊಂದು ಕಡೆಯ ತಗ್ಗನ್ನು ನೋಡಿದಳು. ಅಲ್ಲಿ ಹಳ್ಳದ ದಂಡೆಗೆ ಹನ್ನೊಂದು ಮನೆ, ಒಂದು ಲಾಂಡ್ರಿ. ಲಾಂಡ್ರಿಯ ಅಂಗಳದಲ್ಲಿ ಸಾಲುಸಾಲು ಬಿಳಿ ಹಾಸುಬಟ್ಟೆಗಳು ಒಣಗುತ್ತಿದ್ದವು.

"ನಮ್ಮಕ್ಕನ ಲಾಂಡ್ರಿ ಸರ್, ಅದು," ಎಂದಳು.

"ಗೊತ್ತಿರಲಿಲ್ಲ ನಂಗೆ."

"ನಂಗೂ ಇಲ್ಲಿಂದ ಇಷ್ಟು ಹತ್ತಿರ ಕಾಣುತ್ತೆ ಅಂತ ಗೊತ್ತಿರಲಿಲ್ಲ."

ಕೆರೆಯ ಕಡೆ ದೋಣಿಗಳು ಕೆಸರಿನಲ್ಲಿ ಮಗ್ಗುಲಾಗಿ ಬಿದ್ದಿದ್ದವು. ಕಾರ್ಯದರ್ಶಿ ಬೆಳಗ್ಗೆ ಏಳೂವರೆಗೇ ಬಂದು ತೂಬು ಮುಚ್ಚಿಸಿದ್ದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಎಂದು ಬೇರೆ ಯಾರಾದರೂ ಅನ್ನಬಹುದಿತ್ತು. ಅವರಿಗೆ ಮಾತ್ರ ತೃಪ್ತಿ. ಮೇಲಿನ ತೊರೆಯಿಂದ ನೀರು ಬರುತ್ತಲೇ ಇದೆ, ಶನಿವಾರದ ಹೊತ್ತಿಗೆ ಕೆರೆ ಮತ್ತೆ ತುಂಬುತ್ತದೆ, ಪಂದ್ಯ ನಡೆದೇ ನಡೆಯುತ್ತದೆ.

ಏರಿಯ ಬುಡದಲ್ಲಿ ಬೀರುವಿನಷ್ಟೇ ಅಗಲದ ಒಂದು ಕಲ್ಲಿನ ಕೋಣೆ. ಒಳಗೆ ಕಬ್ಬಿಣದ ಚಕ್ರ. ಕತ್ತರಿಸಿದ ಬೀಗ ಹೊಸ್ತಿಲ ಮೇಲಿತ್ತು, ಪಕ್ಕದಲ್ಲಿ ಗರಗಸ ಉದುರಿಸಿದ ಕಬ್ಬಿಣದ ಪುಡಿ. ಕ್ಯಾಂಟೀನಿನವನೂ ದೋಣಿ ರಿಪೇರಿಯವನೂ ಪಂಚರಾದರು. ಮುಖ್ಯಪೇದೆ ಪಂಚನಾಮೆ ಬರೆಯತೊಡಗಿದಳು.

"ಈ ಬೊಬ್ಬೆ ಚಕ್ರ ತಿರುಗಿಸಿದ್ದಕ್ಕಾ?" ಇನ್‌ಸ್ಪೆಕ್ಟರ್ ಕಾರ್ಯದರ್ಶಿಯನ್ನು ಕೇಳಿದರು.

"ಹೌದು. ಹತ್ತು ನಿಮಿಷ ಒದ್ದಾಡಿದೆ. ಜಪ್ಪಯ್ಯ ಅಂದ್ರೂ ಮುಚ್ಚಲಿಲ್ಲ. ಆಮೇಲೆ ಇವನು ಬಂದ."

ಇವನು ಎಂದರೆ ಏರಿ ಕಾಯುವವನು. ಎಲ್ಲರೂ ಕರೆಯುವುದು ತೂಬಣ್ಣ ಎಂದು. ಅರವತ್ತರ ಹತ್ತಿರದ ಕುಳ್ಳ ಮನುಷ್ಯ, ಕೈ ಕಟ್ಟಿ ನಿಂತಿದ್ದ.

"ಉಲ್ಟಾ ತಿರುಗಿಸ್ತಿದ್ರು ಸರ್," ಎಂದ ತೂಬಣ್ಣ. "ಲೋಕದಲ್ಲಿರೋ ನಲ್ಲಿಯೆಲ್ಲಾ ಎಡಕ್ಕೆ ತಿರುಗಿಸಿದ್ರೆ ತೆಗೆಯುತ್ತೆ. ಇದೊಂದು ಬಲಕ್ಕೆ ತಿರುಗಿಸಿದ್ರೆ ತೆಗೆಯೋದು. ಸೆಕ್ರೆಟರಿಯವರು ಮುಚ್ತೀನಿ ಅಂತ ಇನ್ನೂ ಬಿಗಿಯಾಗಿ ತೆಗೀತಿದ್ರು."

"ಇದು ಬಲಕ್ಕೆ ಅಂತ ಯಾರಿಗೆಲ್ಲಾ ಗೊತ್ತು?"

"ನಂಗೆ. ಕೂರಿಸಿದ ಮೇಸ್ತ್ರಿಗೆ, ಅವರು ತೀರಿಕೊಂಡ್ರು. ಮತ್ತೆ ವರ್ಷಾವರ್ಷ ಏರಿಗೆ ಸರ್ಟಿಫಿಕೇಟ್ ಕೊಡೋ ಎಂಜಿನಿಯರಿಗೆ."

"ಸೋಮವಾರ ನೀನೆಲ್ಲಿದ್ದೆ?"

"ಮಗಳ ಮನೇಲಿ. ಬೆಳಗ್ಗೆ ಐದೂವರೆ ಬಸ್ಸಿಗೆ ಹೋದೋನು ಇವತ್ತು ಬೆಳಗ್ಗೆ ಬಂದೆ. ಮಗಳಿಗೆ ಹಲ್ಲು ಕೀಳಿಸಬೇಕಿತ್ತು, ದವಾಖಾನೆಯ ಚೀಟಿ ಇದೆ." ಚೀಟಿ ಜೇಬಿನಲ್ಲೇ ಇತ್ತು. ಹಲ್ಲಿನ ಡಾಕ್ಟರು ಬರೆದ ಸಮಯ ಒಂಬತ್ತು ಐವತ್ತು, ಊರು ಎರಡು ಗಂಟೆಯ ದಾರಿ. ತೂಬಣ್ಣನ ಮೇಲಿನ ಅನುಮಾನ ಅಲ್ಲಿಗೆ ಕಳಚಿತು.

ಮುಖ್ಯಪೇದೆ ಪಂಚನಾಮೆಗಾಗಿ ಕೋಣೆಯ ಸುತ್ತಲಿದ್ದ ವಸ್ತುಗಳನ್ನು ಬರೆಯುತ್ತಿದ್ದಳು. ಕೋಣೆಯಿಂದ ಹತ್ತು ಹೆಜ್ಜೆ ಆಚೆ ಏರಿಯ ಬುಡದಿಂದ ಒಂದು ಗಿಡ್ಡ ಕೊಳವೆ ಹೊರಗೆ ಚಾಚಿತ್ತು. ಅದರಿಂದ ನೀರು ಸುರಿಯುತ್ತಿತ್ತು. ಕೆಳಗೊಂದು ನೀಲಿ ಪ್ಲಾಸ್ಟಿಕ್ ಬಕೆಟ್.

"ಇದೇನು?"

"ಜಿನುಗು ನೀರು ಮೇಡಂ. ಮಣ್ಣಿನ ಏರಿ ಅಂದ್ಮೇಲೆ ಒಂಚೂರು ಜಿನುಗೇ ಜಿನುಗುತ್ತೆ. ದಿನಾ ಬೆಳಗ್ಗೆ ಬಕೆಟ್ ಇಟ್ಟು ಎಣಿಸ್ತೀನಿ. ತುಂಬೋಕೆ ಎಷ್ಟು ಎಣಿಕೆ ಆಗುತ್ತೋ ಅದನ್ನ ಬರೆದಿಡ್ತೀನಿ. ನಲವತ್ತು ಬಂದ್ರೆ ಏರಿ ಕ್ಷೇಮ. ಹದಿನಾಲ್ಕು ವರ್ಷದಿಂದ, ಸೋಮವಾರ ಬಿಟ್ರೆ, ಒಂದು ದಿನವೂ ತಪ್ಪಿಸಿಲ್ಲ."

ಹೆಮ್ಮೆಯಿಂದಲೇ ಹೇಳಿದ. ಹೆಮ್ಮೆ ಪಡುವ ಕೆಲಸವೇ. ಅವನು ತಂದುಕೊಟ್ಟ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು, ಸಾಲಿಗೊಂದು ಅಂಕಿ. ಇನ್‌ಸ್ಪೆಕ್ಟರ್ ಹಿಂದಿನಿಂದ ಮುಂದಕ್ಕೆ ಪುಟ ತಿರುವಿದರು. ವರ್ಷಗಟ್ಟಲೆ ನಲವತ್ತು, ನಲವತ್ತು, ನಲವತ್ತು. ಎರಡು ವರ್ಷದ ಹಿಂದೆ ಮೂವತ್ತೆಂಟು. ಆಮೇಲೆ ಮೂವತ್ತಮೂರು, ಇಪ್ಪತ್ತೆಂಟು, ಇಪ್ಪತ್ತನಾಲ್ಕು. ಕಳೆದ ಆಗಸ್ಟಿನ ಒಂದು ಬುಧವಾರ ಇಪ್ಪತ್ತನಾಲ್ಕು ಇದ್ದದ್ದು ಗುರುವಾರ ಇದ್ದಕ್ಕಿದ್ದ ಹಾಗೆ ನಲವತ್ತು.

"ಗುರುವಾರ ಏನಾಯ್ತು?"

"ಬಕೆಟ್ ಬದಲಾಯ್ತು ಸರ್. ಎಣಿಕೆ ಇಳೀತಾ ಇದೆ ಅಂತ ನಾನು ಹೇಳ್ತಾನೇ ಇದ್ದೆ. ಹಳೇದು ಕಬ್ಬಿಣದ ಬಕೆಟ್ಟು, ತಗ್ಗು ಬಿದ್ದಿತ್ತು. ಸೆಕ್ರೆಟರಿಯವರು ಹೊಸದು ಕೊಡಿಸಿದ್ರು. ಮಾರನೇ ದಿನವೇ ನಲವತ್ತು ಬಂತು, ಸರಿಹೋಯ್ತು."

ಇನ್‌ಸ್ಪೆಕ್ಟರ್ ಕಾರ್ಯದರ್ಶಿಯ ಮುಖ ನೋಡಿದರು.

"ತಗ್ಗು ಬಿದ್ದ ಬಕೆಟ್ಟಲ್ಲಿ ಅಳತೆ ಸರಿಯಾಗಿ ಬರುತ್ತಾ?" ಎಂದರು ಕಾರ್ಯದರ್ಶಿ. ತಮ್ಮ ಮಾತನ್ನು ಅವರು ಪೂರ್ತಿ ನಂಬಿದ್ದರು. ಕುಣಿಯಲಾರದವಳಿಗೆ ನೆಲ ಡೊಂಕು. ಇವರ ಏರಿಗೆ ಬಕೆಟ್ ಡೊಂಕು.

ಮುಖ್ಯಪೇದೆ ಬರೆಯುವುದನ್ನು ನಿಲ್ಲಿಸಿದ್ದಳು. ಲಾಂಡ್ರಿಯ ಮನೆಯಲ್ಲಿ ಬೆಳೆದವಳು. ಯಾವ ಬಕೆಟ್ಟಿಗೆ ಎಷ್ಟು ಸೋಪು ಎನ್ನುವುದರಲ್ಲೇ ಬಾಲ್ಯ ಕಳೆದಿತ್ತು. "ಸರ್, ಇದು ಹದಿನೈದು ಲೀಟರಿಂದು," ಎಂದಳು. "ಹಳೇದೆಲ್ಲಿ?"

ಹಳೆಯದು ದೋಣಿ ಶೆಡ್ಡಿನಲ್ಲಿ ಬಣ್ಣದ ಬ್ರಶ್ಶುಗಳನ್ನು ತುಂಬಿಕೊಂಡು ಕೂತಿತ್ತು. ಬ್ರಶ್ ಹೊರಗೆ ಹಾಕಿ, ತೊಳೆದು ತಂದರು. ಮುಖ್ಯಪೇದೆ ಪಂಚರ ಎದುರಿಗೇ ಕಬ್ಬಿಣದ ಬಕೆಟ್ಟಿನ ನೀರನ್ನು ನೀಲಿ ಬಕೆಟ್ಟಿಗೆ ಸುರಿದಳು. ಅರ್ಧ ಮೀರಿ ಒಂಚೂರು ಬಂತು, ಅಷ್ಟೇ. ಎರಡನೆಯ ಸಲ ತುಂಬಿಸಿ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಸುರಿದ ಮೇಲೆ ನೀಲಿ ಬಕೆಟ್ ತುಂಬಿತು.

ಆಮೇಲೆ ಇನ್‌ಸ್ಪೆಕ್ಟರ್ ಗಡಿಯಾರ ಹಿಡಿದರು. ಕೊಳವೆಯ ಕೆಳಗೆ ನೀಲಿ ಬಕೆಟ್ ತುಂಬಲು ಮೂವತ್ತಾರು ಸೆಕೆಂಡ್ ಬೇಕಾಯಿತು. ಕಬ್ಬಿಣದ್ದು ಇಪ್ಪತ್ತೆರಡಕ್ಕೇ ತುಂಬಿ ಚೆಲ್ಲಿತು. ಕೆರೆ ನಾಲ್ಕು ಅಡಿ ಇಳಿದ ಮೇಲೆ ಇಷ್ಟು.

"ಕೆರೆ ತುಂಬಿದ್ದಾಗ, ಭಾನುವಾರ ಎಷ್ಟಿತ್ತು?"

"ನೀಲಿ ಬಕೆಟ್ಟಲ್ಲಿ ಮೂವತ್ತೊಂದು. ಜನವರಿ ಕಳೆದ ಮೇಲೆ ಮತ್ತೆ ಇಳೀತಾ ಬಂದಿತ್ತು," ಎಂದ ತೂಬಣ್ಣ. ಅವನ ಧ್ವನಿ ಸಣ್ಣದಾಗಿತ್ತು. ಲೆಕ್ಕ ಅವನಿಗೂ ಹೊಳೆಯತೊಡಗಿತ್ತು. "ಅಂದ್ರೆ ಹಳೇ ಬಕೆಟ್ಟಲ್ಲಿ ಹದಿನೆಂಟೋ ಹತ್ತೊಂಬತ್ತೋ ಆಗ್ತಿತ್ತು. ಅಯ್ಯೋ ನನ್ನ ಕರ್ಮವೇ. ನಾನು ದಿನಾ ಎಣಿಸಿದೀನಲ್ಲ ಸರ್."

"ಎಣಿಸಿದೀಯ. ಬರೆದೂ ಇದೀಯ. ಅದಕ್ಕೇ ಇವತ್ತು ಗೊತ್ತಾಯ್ತು," ಎಂದರು ಇನ್‌ಸ್ಪೆಕ್ಟರ್.

ಮುಖ್ಯಪೇದೆ ಕೊಳವೆಯ ನೀರನ್ನು ಗಾಜಿನ ಲೋಟಕ್ಕೆ ಹಿಡಿದು ಬಿಸಿಲಿಗೆ ಎತ್ತಿದಳು. ನೀರು ಕದಡಿತ್ತು. ಲೋಟವನ್ನು ಕಲ್ಲಿನ ಮೇಲಿಟ್ಟು ಕಾದಳು. ತಳದಲ್ಲಿ ನವಿರಾದ ಕೆಂಪು ಮಣ್ಣು ಕೂತಿತು. ಸೋರುವುದು ನೀರೊಂದೇ ಅಲ್ಲ, ಏರಿಯ ಒಡಲೂ ಅದರ ಜೊತೆ ಹೊರಗೆ ಬರುತ್ತಿತ್ತು. ಇನ್‌ಸ್ಪೆಕ್ಟರ್ ಸರ್ಕಾರಿ ನೀರಾವರಿ ಕಚೇರಿಗೆ ಫೋನ್ ಮಾಡಿದರು. ಅಲ್ಲಿಯ ಅಧಿಕಾರಿ ಮೂರು ಪ್ರಶ್ನೆ ಕೇಳಿ, "ನಾಳೆ ಬೆಳಗ್ಗೆ ಬರ್ತೀನಿ. ಅಲ್ಲೀವರೆಗೂ ಆ ಕೆರೆ ಒಂದು ಅಂಗುಲವೂ ತುಂಬಬಾರದು," ಎಂದರು.

"ಅವರಿಗೇನ್ರೀ ಅಧಿಕಾರ?" ಕಾರ್ಯದರ್ಶಿ ಕೆರಳಿದರು. "ಇದು ಖಾಸಗಿ ಕೆರೆ. ಲಿಖಿತ ಆದೇಶ ತೋರಿಸಿ. ನಮ್ಮ ಹತ್ತಿರ ಮೂರು ವರ್ಷದ ಸುರಕ್ಷತಾ ಸರ್ಟಿಫಿಕೇಟ್ ಇದೆ. ನಾನಂತೂ ತೂಬು ತೆಗೆಸೋಲ್ಲ."

ಇನ್‌ಸ್ಪೆಕ್ಟರಿಗೆ ಸಿಟ್ಟು ಬಂತು. ಬಂದದ್ದನ್ನು ನುಂಗಿ, ದೂರಿನ ಪ್ರತಿಯನ್ನು ತೆಗೆದು ಓದಿದರು. "ತೂಬು ಪೂರ್ತಿ ತೆರೆದ ಸ್ಥಿತಿಯಲ್ಲಿತ್ತು ಅಂತ ನೀವೇ ಬರೆದು ಕೊಟ್ಟಿದೀರಿ."

"ಹೌದು."

"ಇದು ಅಪರಾಧ ನಡೆದ ಜಾಗ. ಪೊಲೀಸರು ಬರೋ ಮೊದಲೇ ನೀವು ಕೈ ಹಾಕಿ ಸಾಕ್ಷ್ಯ ಬದಲಾಯಿಸಿದೀರಿ. ತನಿಖೆ ಮುಗಿಯೋವರೆಗೂ ಚಕ್ರ ಹೇಗೆ ಸಿಕ್ತೋ ಹಾಗೇ ಇರಬೇಕು. ತೂಬಣ್ಣ, ತೆಗಿ. ಬಲಕ್ಕೆ."

ಹನ್ನೊಂದು ಗಂಟೆ ಐದು ನಿಮಿಷಕ್ಕೆ ತೂಬು ಮತ್ತೆ ತೆರೆಯಿತು. ಒಮ್ಮೆಗೇ ಅಲ್ಲ. ತೂಬಣ್ಣ ಒಂದಿಷ್ಟು ತೆಗೆದು ನಿಂತ. "ಬೇಗ ಇಳಿಸಬಾರದು ಸರ್. ನೀರು ದಿಢೀರ್ ಅಂತ ಇಳಿದ್ರೆ ಒಳಗಿನ ಮಣ್ಣು ಜಾರುತ್ತೆ. ಎಂಜಿನಿಯರು ಒಂದು ಕಾಲದಲ್ಲಿ ಹೇಳಿಕೊಟ್ಟಿದ್ರು." ಪಂಚನಾಮೆಯಲ್ಲಿ ಮುಖ್ಯಪೇದೆ, ‘ಸಾಕ್ಷ್ಯವನ್ನು ಮೂಲ ಸ್ಥಿತಿಗೆ ತರಲಾಯಿತು’ ಎಂದು ಬರೆದಳು. ಬರೆಯುವಾಗ ಅವಳ ತುಟಿ ಒಂದಿಷ್ಟು ಬಿರಿದಿತ್ತು.

ಅಲ್ಲಿಂದ ಇಬ್ಬರೂ ಲಾಂಡ್ರಿಗೆ ನಡೆದರು. ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಂಡರು. ಎಂಟು ನಿಮಿಷ.

ಅಕ್ಕ ಹಬೆಯ ನಡುವೆ ಇಸ್ತ್ರಿ ಹಿಡಿದು ನಿಂತಿದ್ದಳು. ತಂಗಿಗಿಂತ ಹತ್ತು ವರ್ಷ ದೊಡ್ಡವಳು, ತೋಳು ತಂಗಿಯ ಎರಡರಷ್ಟು. ಆರು ಜನ ಹೆಂಗಸರು ಅವಳ ಕೈಕೆಳಗೆ ಕೆಲಸಕ್ಕಿದ್ದರು. ಯೂನಿಫಾರ್ಮಿನಲ್ಲಿ ಬಂದ ತಂಗಿಯನ್ನು ನೋಡಿ, "ಏನು, ನನ್ನೇ ಹಿಡಿಯೋಕೆ ಬಂದ್ಯಾ?" ಎಂದಳು.

"ಸೋಮವಾರ ಹಳ್ಳದಲ್ಲಿ ನೀರು ಹೆಚ್ಚಾಯ್ತಾ ಅಕ್ಕ?"

"ಆಯ್ತು. ಮೂರು ಸಲ."

"ಮೂರು ಸಲ ಅಂತ ಹೇಗೆ ಹೇಳ್ತೀರಿ?" ಇನ್‌ಸ್ಪೆಕ್ಟರ್ ಕೇಳಿದರು.

"ನಾವು ಬಟ್ಟೆ ಜಾಲಿಸೋ ಕಲ್ಲಿನ ಮೆಟ್ಟಿಲು ಹಳ್ಳದ ಅಂಚಲ್ಲಿವೆ ಸಾರ್. ಬೆಳಗ್ಗೆ ಆರೂವರೆಗೆ ಮೊದಲ ಮೆಟ್ಟಿಲು ಮುಳುಗ್ತು. ಒಂದು ಮೆಟ್ಟಿಲು ಮೇಲೆ ಕೂತ್ವಿ. ಒಂಬತ್ತೂ ನಲವತ್ತಕ್ಕೆ ಅದೂ ಹೋಯ್ತು. ಊಟಕ್ಕೆ ಎದ್ದಾಗ ಒಂದಕ್ಕೆ ಹತ್ತು ನಿಮಿಷ ಇತ್ತು, ಆಗ ಮೂರನೇದು. ಯಾರೋ ನಮ್ಮ ಜೊತೆ ಆಟ ಆಡ್ತಿದಾರೆ ಅಂದ್ಕೊಂಡೆ."

ಹೊರಗೆ ಬಂದಾಗ ಇನ್‌ಸ್ಪೆಕ್ಟರ್ ಏರಿಯನ್ನೇ ನೋಡುತ್ತ ನಿಂತರು. ಕೆಳಗಿನಿಂದ ಅದು ಹಸಿರು ಗೋಡೆಯ ಹಾಗೆ ಕಾಣುತ್ತಿತ್ತು. "ಹಾಳು ಮಾಡೋನು ಚಕ್ರ ತಿರುಗಿಸಿ ಓಡಿಹೋಗ್ತಾನೆ," ಎಂದರು. "ಇವನು ಒಂದಿಷ್ಟು ತೆಗೆದ, ಮೂರು ಗಂಟೆ ಕಾದ, ಮತ್ತೊಂದಿಷ್ಟು ತೆಗೆದ. ಮಣ್ಣು ಜಾರಬಾರದು ಅಂತ. ಇವನಿಗೆ ಏರಿ ಮೇಲೆ ಪ್ರೀತಿ ಇದೆ."

"ಕಾಯ್ತಾ ಕೂತೋನು ಏನಾದ್ರೂ ಬಿಟ್ಟು ಹೋಗಿರ್ತಾನೆ ಸರ್. ಬೀಡಿ ತುಂಡೋ, ಊಟದ ಎಲೆಯೋ."

ಬೀಡಿ ತುಂಡು ಸಿಗಲಿಲ್ಲ. ಸಿಕ್ಕಿದ್ದು ಅದಕ್ಕಿಂತ ಒಳ್ಳೆಯದು. ದೋಣಿ ಕಟ್ಟುವ ಜಾಗದಲ್ಲಿ ನೀರಿನ ಮಟ್ಟ ನೋಡಲು ಒಂದು ಬಿಳಿ ಹಲಗೆ ನೆಟ್ಟಿದ್ದರು, ಅಡಿಗಳ ಅಂಕಿ ಬರೆದದ್ದು. ಮುಖ್ಯಪೇದೆ ಬೂಟು ಕಳಚಿಟ್ಟು ಕೆಸರಿಗೆ ಇಳಿದು ಹಲಗೆಯ ಹತ್ತಿರ ಮುಖ ತಂದಳು. ಪೆನ್ಸಿಲಿನಲ್ಲಿ ನಾಲ್ಕು ಗೆರೆ, ಒಂದರ ಕೆಳಗೊಂದು. ಪ್ರತಿ ಗೆರೆಯ ಪಕ್ಕ ಒಂದು ಸಮಯ. ಆರು ಹತ್ತು, ಒಂಬತ್ತು ಇಪ್ಪತ್ತು, ಹನ್ನೆರಡು ಮೂವತ್ತು, ಕೊನೆಯದು ನಾಲ್ಕು ಗಂಟೆ. ನಿಮಿಷದ ಅಂಕಿಗಳನ್ನು ಸಣ್ಣದಾಗಿ, ಮೇಲಕ್ಕೆ ಎತ್ತಿ ಬರೆದು, ಕೆಳಗೆ ಪುಟ್ಟ ಅಡ್ಡಗೆರೆ ಎಳೆದಿತ್ತು. ಕಳ್ಳತನಕ್ಕೆ ಬಂದವನು ತನ್ನ ಕಳ್ಳತನದ ದಾಖಲೆಯನ್ನು ತಾನೇ ಇಟ್ಟಿದ್ದ. ನೀರು ಇಳಿಯುವಾಗ ಮಟ್ಟ ಗುರುತು ಹಾಕುವುದು ಅವನ ಕೈಗೆ ಅಂಟಿದ ಕೆಲಸ, ಮನಸ್ಸು ಬೇಡವೆಂದರೂ ಕೈ ಕೇಳಿರಲಿಲ್ಲ.

ಕ್ಲಬ್ಬಿನ ಕಚೇರಿಯಲ್ಲಿ ಸರ್ಟಿಫಿಕೇಟಿನ ಫೈಲ್ ತೆಗೆಸಿದರು. ಮೂರು ವರ್ಷ, ಮೂರು ಹಾಳೆ, ಒಂದೇ ಮಾತು: ‘ಸ್ಥಳ ಪರಿಶೀಲಿಸಿದೆ. ಬುಡದ ಜಿನುಗು ಸ್ಥಿರ, ಎಣಿಕೆ ನಲವತ್ತು. ಏರಿ ಸುರಕ್ಷಿತ.’ ಪರಿಶೀಲನೆಯ ಸಮಯ ಬರೆದಲ್ಲಿ ನಿಮಿಷದ ಅಂಕಿ ಸಣ್ಣದಾಗಿ ಮೇಲಕ್ಕೆದ್ದಿತ್ತು, ಕೆಳಗೆ ಅಡ್ಡಗೆರೆ.

"ಎಂಜಿನಿಯರು ಬಂದು ನೋಡ್ತಿದ್ರಾ?" ತೂಬಣ್ಣನನ್ನು ಕೇಳಿದರು.

"ಮೊದಲೆಲ್ಲಾ ಬರ್ತಿದ್ರು. ಏರಿ ಪೂರ್ತಿ ನಡೆದು ನೋಡೋರು. ಮೂರು ವರ್ಷದಿಂದ ಫೋನಲ್ಲೇ. ಎಷ್ಟಪ್ಪಾ ಎಣಿಕೆ ಅಂತಾರೆ. ನಲವತ್ತು ಸರ್ ಅಂತೀನಿ. ಆಯ್ತು ಅಂತಾರೆ."

"ಎಣಿಕೆ ಇಳಿದಾಗ ಹೇಳಲಿಲ್ವಾ?"

"ಅವರು ಫೋನ್ ಮಾಡೋದು ವರ್ಷಕ್ಕೊಂದು ಸಲ, ಜನವರೀಲಿ. ಹೋದ ವರ್ಷ ಮೂವತ್ತಮೂರು ಅಂದೆ, ಮತ್ತೊಂದ್ಸಲ ಎಣಿಸು ಅಂದ್ರು. ಈ ಜನವರೀಲಿ ನಲವತ್ತೇ ಇತ್ತು." ಹೋದ ವರ್ಷದ ಹಾಳೆಯಲ್ಲೂ ನಲವತ್ತೇ ಇತ್ತು.

"ಕೊನೇ ಸಲ ಅವರನ್ನ ನೋಡಿದ್ದು ಯಾವಾಗ?"

"ಮೊನ್ನೆ ಭಾನುವಾರ. ಮೊಮ್ಮಗಳನ್ನ ದೋಣಿ ಆಡಿಸೋಕೆ ಕರ್ಕೊಂಡು ಬಂದಿದ್ರು." ಲೈಫ್ ಜಾಕೆಟ್ಟುಗಳ ರಿಜಿಸ್ಟರಿನಲ್ಲಿ ದೊಡ್ಡದೊಂದು, ಚಿಕ್ಕದೊಂದು ಪಡೆದದ್ದಕ್ಕೆ ಎಂಜಿನಿಯರರ ಸಹಿ ಇತ್ತು. "ಮೊಮ್ಮಗಳು ನನ್ನ ಬಕೆಟ್ ನೋಡಿ, ತಾತ ಇದೇನು ಅಂದ್ಲು. ಎಂಜಿನಿಯರು ಬಂದು ಬಕೆಟ್ ಕಡೆ ನೋಡಿದ್ರು. ಇದು ಯಾವಾಗ ಬಂತು ಅಂದ್ರು. ಆಗಸ್ಟಲ್ಲಿ ಅಂದೆ. ಅಷ್ಟೇ. ದೋಣೀನೂ ಆಡಿಸಲಿಲ್ಲ, ಮಗೂನ ಎತ್ಕೊಂಡು ಹೊರಟೇ ಹೋದ್ರು."

ಬುಧವಾರ ಬೆಳಗ್ಗೆ ಹತ್ತಕ್ಕೆ ನೀರಾವರಿ ಅಧಿಕಾರಿ ಬಂದರು. ನೀರು ಇನ್ನೂ ಮೂರಡಿ ಇಳಿದಿತ್ತು, ಏರಿಯ ಒಳಮೈಯಲ್ಲಿ ಮುಷ್ಟಿ ತೂರುವಷ್ಟು ದೊಡ್ಡ ತೂತು ಕಾಣುತ್ತಿತ್ತು. ತೂಬಿನ ಕೊಳವೆಯ ಪಕ್ಕದಲ್ಲೇ ನೀರು ತನಗೆ ದಾರಿ ಕೊರೆದುಕೊಂಡಿತ್ತು. ಅಧಿಕಾರಿ ಅದರೊಳಗೆ ಕೋಲು ಹಾಕಿದರು. ಕೋಲು ಪೂರ್ತಿ ಹೋಯಿತು.

"ಶನಿವಾರ ಇದು ತುಂಬಿದ್ರೆ?" ಕಾರ್ಯದರ್ಶಿ ಕೇಳಿದರು. ಅವರ ಧ್ವನಿಯಲ್ಲಿ ಪಂದ್ಯ ಇರಲಿಲ್ಲ.

"ಭಾನುವಾರ ಬೆಳಗ್ಗೆ ಕೆಳಗೆ ಹನ್ನೊಂದು ಮನೆ ಇರ್ತಿರಲಿಲ್ಲ," ಎಂದರು ಅಧಿಕಾರಿ. ಕೆರೆ ತುಂಬಿಸಬಾರದೆಂಬ ಲಿಖಿತ ಆದೇಶವನ್ನು ಅಲ್ಲೇ ದೋಣಿಯ ಮೇಲೆ ಕಾಗದವಿಟ್ಟು ಬರೆದುಕೊಟ್ಟರು.

ಅದೇ ದಿನ ಮಧ್ಯಾಹ್ನ ಮೂರೂವರೆಗೆ ಇನ್‌ಸ್ಪೆಕ್ಟರ್, ಮುಖ್ಯಪೇದೆ ಇಬ್ಬರೂ ಎಂಜಿನಿಯರ್ ಕಚೇರಿಯ ಮೆಟ್ಟಿಲು ಹತ್ತಿದರು. ಔಷಧಿ ಅಂಗಡಿಯ ಮೇಲಿನ ಒಂದು ಕೋಣೆ. ಓರೆ ಮೇಜು, ಕೊಳವೆಗಳಲ್ಲಿ ಸುತ್ತಿಟ್ಟ ನಕ್ಷೆಗಳು, ಸಣ್ಣಗೆ ಚೂಪು ಮಾಡಿದ ಐದಾರು ಪೆನ್ಸಿಲ್. ಅರವತ್ತನಾಲ್ಕರ ಎಂಜಿನಿಯರ್ ಕನ್ನಡಕದ ಮೇಲಿನಿಂದ ನೋಡಿದರು. ಎರಡು ದಿನದಿಂದ ನಿದ್ದೆ ಮಾಡಿರದ ಕಣ್ಣುಗಳು.

"ಕ್ಲಬ್ಬಿನ ಕೆರೆ ವಿಚಾರ," ಎಂದರು ಇನ್‌ಸ್ಪೆಕ್ಟರ್.

"ಕೇಳಿದೆ. ಯಾರೋ ತೂಬು ತೆಗೆದರಂತೆ."

"ಸೋಮವಾರ ಎಲ್ಲಿದ್ರಿ?"

"ಇಲ್ಲೇ. ಕೆಲಸ ಇತ್ತು."

"ಸರಿ. ಹಾಗಿದ್ರೆ ಸುಮ್ಮನೆ ತಿಳಿಸೋಕೆ ಬಂದೆ. ಮಂಗಳವಾರ ಏಳೂವರೆಗೇ ಸೆಕ್ರೆಟರಿ ತೂಬು ಮುಚ್ಚಿಸಿದ್ರು. ಭಾನುವಾರ ಪಂದ್ಯ ಇದೆಯಲ್ಲ, ಅಷ್ಟರಲ್ಲಿ ತುಂಬಿಸಬೇಕಂತೆ."

ಎಂಜಿನಿಯರ್ ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಬಿತ್ತು.

"ಮುಚ್ಚಿದ್ರಾ? ಯಾವ ಮೂರ್ಖ ಮುಚ್ಚಿದ್ದು! ತೆಗೆಸಿ ಮೊದಲು, ಈಗಲೇ ಫೋನ್ ಮಾಡಿ. ಬಲಕ್ಕೆ, ಬಲಕ್ಕೆ ತಿರುಗಿಸೋಕೆ ಹೇಳಿ. ಕೆಳಗೆ ಜನ ಇದಾರೆ."

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಈ ಮನುಷ್ಯನಿಗೆ ಆ ಗಳಿಗೆಯಲ್ಲಿ ತನ್ನ ಹೆಗಲ ನೆನಪೇ ಇರಲಿಲ್ಲ.

"ಮಂಗಳವಾರವೇ ತೆಗೆಸಿದೀವಿ," ಎಂದರು ಇನ್‌ಸ್ಪೆಕ್ಟರ್. "ನಿಧಾನವಾಗಿ. ಕೂತ್ಕೊಳ್ಳಿ."

ಮುಖ್ಯಪೇದೆ ಕುರ್ಚಿ ಎತ್ತಿ ನಿಲ್ಲಿಸಿದಳು. ಅವರು ಕೂತು ಮುಖ ಒರೆಸಿಕೊಂಡರು. ಗರಗಸ ಕಾರಿನ ಡಿಕ್ಕಿಯಲ್ಲಿದೆ ಎಂದು ಕೇಳದೆಯೇ ಹೇಳಿದರು.

"ಮೂರು ವರ್ಷ ಯಾಕೆ ಹೋಗಲಿಲ್ಲ?"

"ಮೊದಲ ವರ್ಷ ಮಂಡಿ ಆಪರೇಷನ್ ಆಗಿತ್ತು. ನೋಡದೆ ಸಹಿ ಹಾಕಿದೆ, ಏನೂ ಆಗಲಿಲ್ಲ. ಎರಡನೇ ವರ್ಷ ಮಂಡಿ ಸರಿಯಿತ್ತು. ಮೂವತ್ತಮೂರು ಅಂದಾಗ ಹೋಗಲೇಬೇಕಿತ್ತು. ಮುದುಕ ಎಣಿಸೋದರಲ್ಲಿ ತಪ್ಪಿದಾನೆ ಅಂದ್ಕೊಂಡೆ. ಹಾಗಂದ್ಕೊಳ್ಳೋದು ಸುಲಭ ಇತ್ತು."

"ಭಾನುವಾರ ಗೊತ್ತಾಯ್ತು. ಠಾಣೆಗೆ ಒಂದು ಫೋನ್ ಯಾಕೆ ಮಾಡಲಿಲ್ಲ?"

"ಏನಂತ ಮಾಡ್ಲಿ? ನಲವತ್ತು ವರ್ಷ ಏರಿ ಕಟ್ಟಿದೀನಿ ಸರ್. ಈ ಊರಲ್ಲಿ ನನ್ನ ಸಹಿ ಇದ್ರೆ ಜನ ಕಣ್ಮುಚ್ಚಿ ನಡೀತಾರೆ. ಕಣ್ಮುಚ್ಚಿ ಸಹಿ ಹಾಕಿದೆ ಅಂತ ಹೇಳ್ಲಾ?" ಅವರು ಒಂದು ಪೆನ್ಸಿಲನ್ನು ತೆಗೆದು ಮತ್ತೆ ಅಲ್ಲೇ ಇಟ್ಟರು. "ನೀರು ಇಳಿಸಿಬಿಟ್ರೆ ಜನ ಉಳೀತಾರೆ, ಪುಂಡರು ಯಾರೋ ಮಾಡಿದ್ರು ಅಂತಾಗುತ್ತೆ, ಆಮೇಲೆ ರಿಪೇರಿ ನೆಪದಲ್ಲಿ ನಾನೇ ಹೋಗಿ ಸರಿ ಮಾಡಿಸ್ತೀನಿ ಅಂದ್ಕೊಂಡೆ. ಮುಚ್ಚಿ ತುಂಬಿಸ್ತಾರೆ ಅಂತ ತಲೆಗೇ ಬರಲಿಲ್ಲ."

"ಸೋಮವಾರ ಇಡೀ ದಿನ ಅಲ್ಲೇ ಕೂತಿದ್ರಾ?"

"ಆರರಿಂದ ನಾಲ್ಕರವರೆಗೆ. ಏರಿ ಮೇಲೆ. ಕೆಳಗೆ ಹೆಂಗಸರು ಬಿಳಿ ಬಟ್ಟೆ ಒಣಹಾಕ್ತಿದ್ರು. ಅವರನ್ನೇ ನೋಡ್ತಿದ್ದೆ. ಏರಿ ಏನಾದ್ರೂ ಅಲುಗಿದ್ರೆ ಕೂಗಬೇಕು ಅಂತ ಕೂತಿದ್ದೆ."

ಮುಖ್ಯಪೇದೆ ಹೇಳಿಕೆ ಬರೆಯುತ್ತಿದ್ದಳು. ಈ ಮಾತನ್ನೂ ಹಾಗೇ ಬರೆದುಕೊಂಡಳು. ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಎಂಜಿನಿಯರನ್ನು ಬಂಧಿಸಲಾಯಿತು. ಸುಳ್ಳು ಪ್ರಮಾಣಪತ್ರ, ಜನರ ಪ್ರಾಣಕ್ಕೆ ಅಪಾಯ ತರುವ ನಿರ್ಲಕ್ಷ್ಯ, ಬೀಗ ಮುರಿದದ್ದು. ಬಕೆಟ್ ಕೊಡಿಸಿದ ಕಾರ್ಯದರ್ಶಿಗೆ ಬೇರೆ ನೋಟಿಸ್ ಹೋಯಿತು. ವಶಪಡಿಸಿಕೊಂಡ ವಸ್ತುಗಳ ಪಟ್ಟಿಯಲ್ಲಿ ಗರಗಸ, ಬೀಗ, ಎರಡು ಬಕೆಟ್, ಒಂದು ಪೆನ್ಸಿಲ್ ಇದ್ದವು.

ಸಂಜೆ ಆರಕ್ಕೆ ಲಾಂಡ್ರಿಯ ಅಕ್ಕ ಠಾಣೆಗೇ ಬಂದಳು. ಸುದ್ದಿ ಅವಳಿಗಿಂತ ಮೊದಲೇ ಹಳ್ಳದ ದಂಡೆ ಮುಟ್ಟಿತ್ತು.

"ಅಲ್ಲ ಕಣೇ, ನಮ್ಮನ್ನ ಉಳಿಸಿದೋರನ್ನೇ ಒಳಗೆ ಹಾಕಿದೀಯಂತೆ," ಎಂದಳು ತಂಗಿಗೆ. "ಅವರು ತೂಬು ತೆಗೀದೇ ಇದ್ರೆ ನಾವು ಇವತ್ತು ಇರ್ತಿದ್ವಾ? ಪಾಪದ ಮನುಷ್ಯ."

"ತೆಗೆದ್ರು ಅಕ್ಕ. ಅದನ್ನೂ ಬರೆದಿದೀನಿ, ಬಿಟ್ಟಿಲ್ಲ." ಮುಖ್ಯಪೇದೆ ಹೇಳಿಕೆಯ ಹಾಳೆಗಳನ್ನು ಜೋಡಿಸಿ ಫೈಲಿಗೆ ಹಾಕಿದಳು. "ಆದ್ರೆ ಸೋಮವಾರ ನೀನು ಕೆಳಗೆ ಬಟ್ಟೆ ಒಣಹಾಕ್ತಿದ್ದೆಯಲ್ಲ, ಅವರು ಮೇಲೆ ಕೂತು ನಿನ್ನನ್ನೇ ನೋಡ್ತಿದ್ರು. ಏರಿ ಒಡೀಬಹುದು ಅಂತ ಅವರಿಗೆ ಗೊತ್ತಿತ್ತು. ನಿಂಗೆ ಗೊತ್ತಿರಲಿಲ್ಲ."

ಅಕ್ಕ ಬೆಂಚಿನ ಮೇಲೆ ಕೂತಳು. ರೈಟರ್ ಎದ್ದು ಅವಳಿಗೆ ನೀರು ತಂದುಕೊಟ್ಟ.

ಒಳಗಿನ ಕೋಣೆಯಲ್ಲಿ ಇನ್‌ಸ್ಪೆಕ್ಟರ್ ಕೇಸ್ ಡೈರಿ ಮುಗಿಸುತ್ತಿದ್ದರು. ಆರೋಪಿಗೆ ಏರಿಯ ಮೇಲೆ ನಿಜವಾದ ಕಾಳಜಿ ಇತ್ತು ಎಂದು ಬರೆದರು. ತನ್ನ ಸಹಿಯ ಮೇಲೆ ಅದಕ್ಕಿಂತ ಹೆಚ್ಚು ಕಾಳಜಿ ಇತ್ತು ಎಂದೂ ಬರೆದರು. ಕೊನೆಯಲ್ಲಿ, ಅಭ್ಯಾಸದಂತೆ, ದೂರದ ಲೆಕ್ಕ: ಏರಿಯಿಂದ ಲಾಂಡ್ರಿಗೆ ಕಾಲುನಡಿಗೆಯಲ್ಲಿ ಎಂಟು ನಿಮಿಷ. ಆರೋಪಿ ಏರಿಯ ಮೇಲೆ ಹತ್ತು ಗಂಟೆ ಕೂತಿದ್ದನು.